ನಕ್ಷೆಯ ಮೂಲೆಯಲ್ಲಿ ಅಕ್ಕ

ಶಿವಶರಣನಿಗೆ ಬಿಕ್ಕಳಿಕೆ ಗಂಟು ಬಿದ್ದದ್ದು ಒಂದು ಮೀಟಿಂಗಿನಲ್ಲಿ.

ಮಸ್ಕತ್ತಿನ ವಾದಿ ಕಬೀರಿನ ಗ್ಯಾರೇಜುಗಳ ಸಾಲಿನಲ್ಲಿ, ಟೈರ್ ಅಂಗಡಿಯೊಂದರ ಮೇಲಂತಸ್ತಿನಲ್ಲಿ ಅವನ ಆಫೀಸು. ದೊಡ್ಡ ಕಟ್ಟಡಗಳಿಗೆ ಏಸಿ ಕೂರಿಸುವ ಕಂಪನಿ. ತಣ್ಣನೆಯ ಗಾಳಿ ಹರಿಯುವ ತಗಡಿನ ಕೊಳವೆಗಳು ಯಾವ ಗೋಡೆ ದಾಟಬೇಕು, ಎಲ್ಲಿ ತಿರುಗಬೇಕು ಎಂದು ನಕ್ಷೆ ಬರೆಯುವುದು ಶಿವಶರಣನ ಕೆಲಸ. ಕೊಳವೆ ತಿರುಗುವ ಜಾಗಕ್ಕೆ ಅವರಲ್ಲಿ ಎಲ್ಬೋ ಅನ್ನುತ್ತಾರೆ. ಮೊಣಕೈ. ಅವತ್ತು ನಕ್ಷೆಗಳನ್ನು ಪರೀಕ್ಷಿಸುವ ಕನ್ಸಲ್ಟೆಂಟ್ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಈ ಎಲ್ಬೋ ಯಾಕೆ ಬಂತು?" ಎಂದು ಕೇಳಿದ. ಶಿವಶರಣ ಉತ್ತರಕ್ಕೆಂದು ಬಾಯಿ ತೆರೆದ. ಹೊರಬಂದದ್ದು ಬಿಕ್ಕಳಿಕೆ. ಸಾರಿ ಅನ್ನಲು ಹೋದ, ಇನ್ನೊಂದು ಬಂತು. ನೀರು ಕುಡಿದ, ನೀರಿನೊಳಗೇ ಒಂದು ಬಂದು ಮೂಗಿನಿಂದ ಹೊರಗೆ ಚಿಮ್ಮಿತು. ಕಡೆಗೆ ಆ ಎಲ್ಬೋ ಯಾಕೆ ಬಂತು ಎನ್ನುವುದನ್ನು ಪಕ್ಕದಲ್ಲಿದ್ದ ಎಲಿಯಾಸ್ ವಿವರಿಸಬೇಕಾಯಿತು.

ಮಂಗಳೂರು ಕಡೆಯ ಎಲಿಯಾಸ್ ಅವನ ಪಕ್ಕದ ಮೇಜಿನವ. ಹೆದರಿಸಿದರೆ ಬಿಕ್ಕಳಿಕೆ ನಿಲ್ಲುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಮರುದಿನ ಹಿಂದಿನಿಂದ ಬಂದು, "ಕಫೀಲ್ ಬಂದ್ರು!" ಎಂದು ಕೂಗಿದ. ಶಿವಶರಣ ಧಡಕ್ಕನೆ ಎದ್ದು ನಿಂತು, ಕಂಪನಿಯ ಮಾಲೀಕನೇ ಬಂದನೆಂದು ಖಾಲಿ ಬಾಗಿಲಿಗೆ ಸಲಾಂ ಹೇಳಿ, ಬಿಕ್ಕಳಿಸಿದ.

ಮನೆಯಲ್ಲಿ ಹೆಂಡತಿ ಉಜ್ವಲಾ, "ಯಾರೋ ನೆನಸಾಕತ್ತಾರ ತಗೋರಿ," ಅಂದವಳೇ ನಾಲಿಗೆ ಕಚ್ಚಿಕೊಂಡಳು. ಊರಲ್ಲಿ, ಸಿಂದಗಿಯಲ್ಲಿ ಕೂತು ಅವನನ್ನು ಹೊತ್ತುಹೊತ್ತಿಗೂ ನೆನೆಯುತ್ತಿದ್ದವಳು ಒಬ್ಬಳೇ, ಅವನ ಅಕ್ಕ ಕೆಂಚವ್ವ. ಅವಳು ತೀರಿಕೊಂಡು ಕೆಲವು ತಿಂಗಳಾಗಿದ್ದವು.

ತಾಯಿಯಿಲ್ಲದ ಶಿವಶರಣನನ್ನು ಬೆಳೆಸಿದವಳು ಅಕ್ಕ. ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದಳು. ಬಿಸಿಲಿಗೂ ಖಾರದ ಧೂಳಿಗೂ ಅಡ್ಡವಾಗಿ ಸೀರೆಯ ಮೇಲೆ ತಮ್ಮನ ಹಳೆಯ ಪಾಲಿಟೆಕ್ನಿಕ್ ಅಂಗಿ ತೊಟ್ಟು, ತೋಳು ಮಡಚಿ, ಗಿರಾಕಿಗಳನ್ನು ಬೈಯುತ್ತ ಕೂರುತ್ತಿದ್ದಳು. ಬೈಸಿಕೊಂಡವರೇ ಮುಂದಿನ ವಾರವೂ ಬರುತ್ತಿದ್ದರು. ಅವಳ ಎದೆಬಡಿತ ನಿಂತದ್ದು ಒಂದು ಬೆಳಗ್ಗೆ, ಮಣ್ಣು ಮಾಡಿದ್ದು ಅದೇ ಸಂಜೆ. ಮಸ್ಕತ್ತಿನಿಂದ ಎಷ್ಟು ಓಡಿದರೂ ಮುಟ್ಟುವ ಹಾಗಿರಲಿಲ್ಲ. ಅಕ್ಕನ ಮಗ ಭೀಮರಾಯ ವಿಡಿಯೋ ಕಾಲ್ ಮಾಡಿದ. ಆಫೀಸಿನ ಚಹಾ ಮಾಡುವ ಕೋಣೆಯಲ್ಲಿ ನಿಂತು ಶಿವಶರಣ ನೋಡಿದ. ಅಳು, ನೂಕಾಟ, ಯಾರದೋ ಬೆನ್ನು. ಇನ್ನೇನು ಅಕ್ಕನ ಮುಖ ಕಾಣಬೇಕು, ಅಷ್ಟರಲ್ಲಿ ನೆಟ್ ನಿಂತಿತು. ಪರದೆಯ ತುಂಬ ಒಂದು ಮೊಣಕೈ. ಮೇಲೆ ಒಂದು ತಾಯತ. ಚಿತ್ರ ಮತ್ತೆ ಅಲ್ಲಾಡುವ ಹೊತ್ತಿಗೆ ಜನ ಕೈಕಾಲು ತೊಳೆಯುತ್ತಿದ್ದರು.

ಶಿವಶರಣ ಮುಖ ತೊಳೆದುಕೊಂಡು ಬಂದು, ಅವತ್ತು ಕಳಿಸಬೇಕಿದ್ದ ನಕ್ಷೆ ಕಳಿಸಿದ. ಸ್ಟ್ರಾಂಗ್ ಮನುಷ್ಯ ಎಂದರು ಎಲ್ಲರೂ. ಹೌದೆಂದು ಅವನೂ ನಂಬಿದ. ಒಂದು ಫೋನನ್ನು ನೆಟ್ಟಗೆ ಹಿಡಿಯಲು ಬಾರದ ಭೀಮರಾಯನ ಮೇಲೆ ಮಾತ್ರ ಸಿಟ್ಟು ಉಳಿಯಿತು. ಅವನ ಕಾಲ್ ಎತ್ತುವುದು ಬಿಟ್ಟು, "ಬಿಝಿ ಇದೀನಿ" ಎಂದಷ್ಟೇ ಬರೆದು ಕಳಿಸುತ್ತಿದ್ದ. ಮಸ್ಕತ್ತಿನ ಗಾಳಿಯೆಲ್ಲ ತನ್ನ ಒಬ್ಬನ ಕೈಯಿಂದಲೇ ತಣ್ಣಗಾಗುತ್ತಿದೆ ಎನ್ನುವ ಹಾಗೆ!

ಬಿಕ್ಕಳಿಕೆಗೆ ಡಾಕ್ಟರು ಹೊಟ್ಟೆ ನೋಡಿದರು, ಎದೆ ನೋಡಿದರು, ಏನೂ ಸಿಗಲಿಲ್ಲ. "ಹಾಬಿ ಏನಾದರೂ ಇದೆಯಾ?" ಎಂದು ಕೇಳಿದರು. ಶಿವಶರಣ ಬಹಳ ಯೋಚಿಸಿ, "ಓವರ್‌ಟೈಮ್," ಅಂದ.

"ಶನಿವಾರ ನನ್ನ ಜೋಡಿ ಬರ್ರಿ," ಅಂದಳು ಉಜ್ವಲಾ.

ಅವಳು ಹೋಗುತ್ತಿದ್ದದ್ದು ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರ್ಕೆಟ್ಟಿನ ಹತ್ತಿರದ ಒಂದು ಫ್ಲ್ಯಾಟಿಗೆ. ಭಟ್ಕಳದ ಫರ್ಝಾನಾ ಮೊದಲು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಈಗ ತನ್ನ ಆ ಮನೆಯ ಪಡಸಾಲೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಸುಮ್ಮನೆ ಗೀಚಿಸುತ್ತಿದ್ದಳು. ಮನಸ್ಸು ಹಗುರವಾಗುತ್ತದೆ ಎನ್ನುವುದು ಅವಳ ನಂಬಿಕೆ. ಶಿವಶರಣನಿಗೆ ಒಳಗೇ ನಗು. ಇಪ್ಪತ್ತು ವರ್ಷದಿಂದ ಬರೆಯುವುದೇ ಕಸುಬಾದವನಿಗೆ ಇವರೇನು ಕಲಿಸುತ್ತಾರೆ? ಅಲ್ಲಿ ಅವನೊಬ್ಬನೇ ಗಂಡಸು. ಉಳಿದಿದ್ದ ಪ್ಲಾಸ್ಟಿಕ್ ಸ್ಟೂಲು ಮಕ್ಕಳದ್ದು. ಕೂತಾಗ ಮೊಣಕಾಲು ಗಲ್ಲಕ್ಕೆ ತಾಗಿತು.

"ಪೆನ್ನು ಎತ್ತುವುದು ಬೇಡ," ಅಂದಳು ಫರ್ಝಾನಾ. "ಅದು ಎಲ್ಲಿಗೆ ಹೋಗ್ತದೋ ಹೋಗ್ಲಿ. ಚಂದ ಆಗ್ಬೇಕು ಅಂತ ಎಂತದೂ ಇಲ್ಲ."

"ಸ್ಕೇಲ್ ಎಷ್ಟು ತಗೋಬೇಕ್ರಿ ಮೇಡಂ?"

ಪಕ್ಕದಲ್ಲಿದ್ದ ರೋಸ್ ಬಾಯಿ ಕಿಸಕ್ಕನೆ ನಕ್ಕರು. ಉಡುಪಿ ಕಡೆಯ ಅವರು ಮೊನ್ನೆಮೊನ್ನೆಯವರೆಗೂ ಬ್ಯಾಂಕಿನಲ್ಲಿದ್ದವರು. ಉಜ್ವಲಾ ತಲೆ ತಗ್ಗಿಸಿದಳು.

ಶಿವಶರಣ ಪೆನ್ನು ಊರಿದ. ಸುತ್ತಲಿನವರ ಹಾಳೆಗಳಲ್ಲಿ ಬಳ್ಳಿ, ಅಲೆ, ಮೀನು ಹುಟ್ಟುತ್ತಿದ್ದರೆ ಅವನ ಗೆರೆ ಬಲಕ್ಕೆ ಹೋಗಿ, ಲಂಬವಾಗಿ ಕೆಳಗಿಳಿದು, ಎಡಕ್ಕೆ ಬಂದು, ಮೇಲೇರಿ ಒಂದು ಚೌಕವಾಯಿತು. ಪಕ್ಕದಲ್ಲಿ ಅಂಥದೇ ಇನ್ನೊಂದು. ಗೆರೆ ಕೊಂಚ ಡೊಂಕಾದದ್ದು ಕಣ್ಣಿಗೆ ಚುಚ್ಚತೊಡಗಿತು. ಯಾರೂ ನೋಡುತ್ತಿಲ್ಲವೆಂದು ಮೆಲ್ಲಗೆ ಜೇಬಿನಿಂದ ರೆಸಿಡೆಂಟ್ ಕಾರ್ಡ್ ತೆಗೆದು, ಅದರ ಅಂಚಿಗೆ ಪೆನ್ನು ಹಿಡಿದು ಗೆರೆ ಎಳೆದ.

"ಅದನ್ನು ಇಲ್ಲಿ ಕೊಡಿ," ಅಂದಳು ಫರ್ಝಾನಾ, ಕೈ ಚಾಚಿ. "ಹೋಗುವಾಗ ವಾಪಸ್ ಕೊಡ್ತೇನೆ."

ರಸ್ತೆಯಲ್ಲಿ ಪೊಲೀಸರು ಎಷ್ಟೋ ಸಲ ಆ ಕಾರ್ಡ್ ಕೇಳಿದ್ದುಂಟು. ನೆಟ್ಟಗೆ ಗೆರೆ ಎಳೆದ ತಪ್ಪಿಗೆ ಜಪ್ತಿಯಾದದ್ದು ಅದೇ ಮೊದಲು.

ಮುಂದಿನ ಶನಿವಾರ ಅವಳು ಇನ್ನೂ ಮುಂದೆ ಹೋದಳು. ಅವನ ಪೆನ್ನನ್ನು ಎಡಗೈಗೆ ಕೊಟ್ಟಳು. "ಒಬ್ಬರ ಕೈ ಬಿಡಿಸಿ. ಯಾರದ್ದಾದ್ರೂ ಸರಿ."

ಅಕ್ಕನ ಕೈ ಬಿಡಿಸಬೇಕು ಅಂದುಕೊಂಡ. ಮೆಣಸಿನಕಾಯಿ ಬೊಗಸೆಯಲ್ಲಿ ಎತ್ತುವ ಕೈ. ಎಡಗೈ ಮಾತು ಕೇಳಲಿಲ್ಲ. ಗೆರೆ ನಡುಗುತ್ತ ಹೋಗಿ, ದಪ್ಪಗೆ ಬಾಗಿ, ಹಾಳೆಯ ತುಂಬ ಹರಡಿಕೊಂಡಿತು. ಮೇಲೊಂದು ಗಂಟು ತಾನಾಗಿ ಬಿತ್ತು.

ರೋಸ್ ಬಾಯಿ ಬಗ್ಗಿ ನೋಡಿದರು. "ಇದೆಂತ, ಬದನೆಕಾಯಿಯಾ?"

"ಅಲ್ರಿ. ಮೊಣಕೈ."

"ಯಾರದ್ದು?"

"ಗೊತ್ತಿಲ್ರಿ," ಅಂದ ಶಿವಶರಣ. ಹೇಳಬಾರದು ಅಂದುಕೊಂಡವನು ಹೇಳಿಯೇಬಿಟ್ಟ, ತಮಾಷೆ ಮಾಡಿಕೊಂಡೇ. "ನಮ್ಮಕ್ಕ ತೀರಿಕೊಂಡಾಗ ನಾ ಇಲ್ಲೇ ಇದ್ದೆ. ಫೋನಿನ್ಯಾಗ ಕಡೀ ದರ್ಶನ ಮಾಡಾಕ ಹೋದ್ರ ಈ ಮೊಣಕೈ ಅಡ್ಡ ಬಂದು ನಿಂತಬಿಡ್ತು. ಯಾವ ಪುಣ್ಯಾತ್ಮಂದೋ ಏನೋ. ನೆಟ್ ಬರ್ತದ, ಬರ್ತದ ಅಂತ ಕಾಯ್ದೆ. ಬರಲಿಲ್ಲ. ಆಮ್ಯಾಲ ಏನ್ ಮಾಡ್ಲಿ, ಆ ಮೊಣಕೈಗೇ ಕೈ ಮುಗದೆ."

ರೋಸ್ ಬಾಯಿ ಕೈ ಅಡ್ಡ ಹಿಡಿದರೂ ನಗು ಬೆರಳ ಸಂದಿಯಿಂದ ನುಸುಳಿತು. "ಸಾರಿ ಹಾಂ, ಸಾರಿ," ಎನ್ನುತ್ತಲೇ ನಕ್ಕರು. ಫರ್ಝಾನಾ ನಕ್ಕಳು. ಉಜ್ವಲಾಳಿಗೂ ತಡೆಯಲಾಗಲಿಲ್ಲ. ಅಪರಿಚಿತನ ತಾಯತಕ್ಕೆ, ಚಹಾದ ಕೆಟಲ್ ಪಕ್ಕದಲ್ಲಿ ಭಕ್ತಿಯಿಂದ ಕೈ ಮುಗಿದು ನಿಂತ ತನ್ನ ಅವತಾರ ಕಣ್ಣಿಗೆ ಕಟ್ಟಿ ಶಿವಶರಣನೂ ನಕ್ಕ. ನಗುತ್ತ ನಗುತ್ತ ಎದೆಯೊಳಗೆ ಎಲ್ಲೋ ದನಿ ಹೊರಳಿತು. ಆ ಪುಟ್ಟ ಸ್ಟೂಲಿನ ಮೇಲೆ ಮುದುಡಿ, ಮೂಗು ಸೋರಿಸಿಕೊಂಡು, ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ಅತ್ತ. ಅಷ್ಟು ಹೆಂಗಸರ ಎದುರು ಸ್ಟ್ರಾಂಗ್ ಮನುಷ್ಯನ ಮಾನ ಉಳಿಯಲಿಲ್ಲ. ಉಜ್ವಲಾ ಎದ್ದು ಬಂದು ಬೆನ್ನ ಮೇಲೆ ಕೈಯಿಟ್ಟಳು.

ಫರ್ಝಾನಾ ಟಿಶ್ಯೂ ಡಬ್ಬಿ ದೂಡಿ, "ಆ ಹಾಳೆ ಒದ್ದೆ ಆಯ್ತಲ್ಲ ಮಾರಾಯ್ರೆ, ಬೇರೆ ತಕೊಳ್ಳಿ," ಅಂದಳು.

ಬಿಕ್ಕಳಿಕೆ ಅಂದೇ ನಿಂತುಹೋಯಿತು ಎಂದರೆ ಕೇಳಲು ಚಂದ. ಹಾಗಾಗಲಿಲ್ಲ. ಅಲ್ಲಿನ ವಾರದ ಮೊದಲ ದಿನ, ಭಾನುವಾರ, ಆಫೀಸಿನಲ್ಲಿ ಮತ್ತೆ ಬಂತು, ಆದರೆ ಬಂದದ್ದಕ್ಕೆ ಅವನಿಗೆ ಹೆದರಿಕೆಯಾಗಲಿಲ್ಲ. ದಿನ ಕಳೆದಂತೆ ಅಪರೂಪವಾಯಿತು. ಅದಕ್ಕೆ ಬದಲಾಗಿ ಗೀಚುವ ಚಟ ಅಂಟಿತು. ಶವರ್ಮಾ ಸುತ್ತಿದ ಕಾಗದ, ಪಾರ್ಕಿಂಗ್ ಚೀಟಿ, ಫೋನಿನಲ್ಲಿ ಮಾತಾಡುವಾಗ ಮುಂದಿದ್ದ ನಕ್ಷೆಯ ಪ್ರಿಂಟು, ಎಲ್ಲದರ ಮೇಲೂ ಅಕ್ಕ. ಸೀರೆ, ಮೇಲೆ ಅಂಗಿ, ಮುಂದೆ ಮೆಣಸಿನಕಾಯಿ ರಾಶಿ. ಅಂಗಿಯ ಗುಂಡಿಗಳು ಚೆನ್ನಾಗಿ ಬರುತ್ತಿದ್ದವು. ಮುಖ ಮಾತ್ರ ಒಮ್ಮೆ ಮ್ಯಾನೇಜರನ ಹಾಗೆ, ಒಮ್ಮೆ ಒಂಟೆಯ ಹಾಗೆ ಆಗುತ್ತಿತ್ತು. ಅಕ್ಕನ ಕ್ಷಮೆ ಕೇಳಿ ಮುಂದಿನದಕ್ಕೆ ಹೋಗುತ್ತಿದ್ದ.

ಒಂದು ದಿನ ಎಲಿಯಾಸ್ ಕನ್ಸಲ್ಟೆಂಟ್ ಆಫೀಸಿನಿಂದ ನಕ್ಷೆಯ ಸುರುಳಿ ಹೊತ್ತು, ನಗು ಅದುಮಿಕೊಂಡು ಬಂದ. "ನೋಡು ನಿನ್ನ ಕೆಲಸ," ಎಂದು ಮೇಜಿನ ಮೇಲೆ ಬಿಡಿಸಿದ. ಗೀಚಿದ ಪ್ರಿಂಟೇ ತಪ್ಪಿ ಕನ್ಸಲ್ಟೆಂಟಿಗೆ ಹೋಗಿತ್ತು. ಕೆಳಗಿನ ಮೂಲೆಯಲ್ಲಿ, ಎರಡನೇ ಮಹಡಿಯ ಕೊಳವೆಗಳ ಪಕ್ಕ ಅಕ್ಕ ಕೂತಿದ್ದಳು. ತಿದ್ದಬೇಕಾದ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಮೋಡದಂತೆ ಸುತ್ತು ಹಾಕುವುದು ಅವರ ರೂಢಿ. ಅಕ್ಕನ ಸುತ್ತ ಅಂಥದೊಂದು ಮೋಡ. ಪಕ್ಕದಲ್ಲಿ ಬರೆದಿತ್ತು: 'ಈ ಮಹಿಳೆ ಯಾರು? ತೆಗೆದು ಮತ್ತೆ ಸಲ್ಲಿಸಿ.'

ಮ್ಯಾನೇಜರ್ ಕರೆಸಿ ಅದನ್ನೇ ಕೇಳಿದ. "ಯಾರಿದು?"

"ನನ್ನ ಅಕ್ಕ, ಸರ್."

"ಇಲ್ಲಿ ಏನು ಮಾಡ್ತಿದ್ದಾರೆ?"

"ಮೆಣಸಿನಕಾಯಿ ಮಾರ್ತಿದ್ದಾರೆ."

ಮ್ಯಾನೇಜರ್ ಅವನನ್ನೂ ನಕ್ಷೆಯನ್ನೂ ಬಹಳ ಹೊತ್ತು ನೋಡಿ, "ಖಲಾಸ್, ಸಾಕು. ಹೋಗಿ ಹೊಸ ಪ್ರಿಂಟ್ ಕಳಿಸು," ಅಂದ.

ಹೊಸ ಪ್ರಿಂಟ್ ಹೋಯಿತು. ಹಳೆಯದನ್ನು ಶಿವಶರಣ ಮನೆಗೆ ತಂದ. ಉಜ್ವಲಾ ನೋಡಿ ನಗುವಷ್ಟು ನಕ್ಕು, "ಭೀಮ್ಯಾಗ ಕಳಸ್ರಿ," ಅಂದಳು. ಅವನು ಫೋನ್ ಹಿಡಿದು ಹಿಂದೆ ಮುಂದೆ ನೋಡಿದ. ಇಷ್ಟು ತಿಂಗಳು ಕಾಲ್ ಎತ್ತದ ಮಾಮನಿಗೆ ಈಗ ಯಾವ ಮುಖ? ಕಡೆಗೆ ಫೋಟೋ ತೆಗೆದು, ಒಂದಕ್ಷರವನ್ನೂ ಬರೆಯದೆ ಕಳಿಸಿದ. ಫೋನ್ ಕೆಳಗಿಡುವಷ್ಟರಲ್ಲಿ ವಿಡಿಯೋ ಕಾಲ್ ಬಂತು.

"ಯಾರ್ರಿ ಮಾಮಾ ಇದು?"

"ನಿಮ್ಮವ್ವ."

ಭೀಮರಾಯ ಮುಖ ಒರೆಸಿಕೊಂಡ. ಆಮೇಲೆ, "ಮಾಮಾ, ಅವತ್ತ ಫೋನು ನಾ..." ಎಂದು ತೊದಲಿದ.

"ಬಿಡೋ. ಅವ್ವನ್ನ ಕಳಕೊಂಡಾವ ನೀನು, ಸಿಟ್ಟು ಮಾಡ್ಕೊಂಡು ಕುಂತಾವ ನಾನು. ನಾ ಬುದ್ಧಿಗೇಡಿ."

ಭೀಮರಾಯ ಚಿತ್ರವನ್ನು ಮತ್ತೊಮ್ಮೆ ನೋಡಿ, "ಆದ್ರೂ ಅವ್ವನ ಮೂಗು ಹಿಂಗ ಇದ್ದಿದ್ದಿಲ್ಲ ಬಿಡ್ರಿ," ಅಂದ.

"ಹಿಂಗ ಇತ್ತಲೇ. ನಿನಗಿಂತ ಮೊದಲು ನೋಡೀನಿ ನಾ."

"ಇದು ಗಿಣಿ ಮೂಗು ಆಗೇದ. ಅವ್ವಂದು ಅಗಲ ಇತ್ತು. ಸಿಟ್ಟು ಬಂದ್ರ ಹೊಳ್ಳಿ ಅರಳತಿದ್ವು."

ಅದು ನಿಜ. ಅದನ್ನು ಹೇಗೆ ಮರೆತೆ ಎಂದು ಶಿವಶರಣ ತನ್ನನ್ನೇ ಬೈದುಕೊಂಡ. ಒಂದು ಹಾಳೆ ಎಳೆದುಕೊಂಡು, ಫೋನನ್ನು ಚಹಾದ ಡಬ್ಬಿಗೆ ಆನಿಸಿಟ್ಟು ಬರೆಯಲು ಕೂತ. ಮೊದಲಿನದು ಆಲೂಗಡ್ಡೆಯಾಯಿತು. ಭೀಮರಾಯ ಆ ಕಡೆಯಿಂದ ತಾನೂ ಒಂದು ಬರೆದು ತೋರಿಸಿದ, ಅದು ಇನ್ನೂ ಕೆಟ್ಟದಾಗಿತ್ತು. ಉಜ್ವಲಾ ಅಡಿಗೆಮನೆಯಿಂದ ಬಗ್ಗಿ ನೋಡಿ, "ಅಯ್ಯ ನಮ್ಮವ್ವ, ಸಾಕ ಮಾಡ್ರಿ ಇಬ್ಬರೂ," ಅಂದಳು. ಯಾರೂ ಕೇಳಲಿಲ್ಲ.

"ಇನ್ನಾ ಸ್ವಲ್ಪ ಅಗಲ ಮಾಡ್ರಿ ಮಾಮಾ. ಹುಬ್ಬು ಕೆಳಗಿಳಸ್ರಿ... ಹಾಂ, ಹಾಂ, ತಡೀರಿ!" ಭೀಮರಾಯ ಪರದೆಗೆ ಮುಖ ತಂದ. "ಈಗ ನೋಡ್ರಿ, ಅವ್ವ ಬೈಯೂ ಹಂಗ ಕಾಣಾಕತ್ಯಾಳ."