ನೈದಿಲೆಯ ಬಿಲ್ಲೆಗಳು

ಕೊನೆಯ ಬಿಲ್ಲೆಯನ್ನೂ ಹಳೇ ಪಂಚೆಯ ತುಂಡಿನಿಂದ ತಿಕ್ಕಿ ಒರೆಸಿ, ದ್ರಾಕ್ಷಾಯಣಮ್ಮ ಸೊಂಟ ನೆಟ್ಟಗೆ ಮಾಡಿಕೊಂಡರು. ಸೊಸೆ ಬರುವಷ್ಟರಲ್ಲಿ ಕೆಲಸ ಮುಗಿಯಿತಲ್ಲ ಎಂದು ಖುಷಿ. ಸೊಸೆ ಮಾಡಿ ಜಗಲಿಯ ನೆರಳಲ್ಲಿ ಒಣಗಲು ಇಟ್ಟಿದ್ದ ನೈದಿಲೆ ಹೂವಿನ ಬಿಲ್ಲೆಗಳ ಮೇಲೆಲ್ಲ ಬೆಳ್ಳಗೆ ಬೂಷ್ಟು ಬಂದಿತ್ತು. ಆಯುಷ್ಯವೆಲ್ಲ ತಿಪಟೂರಿನ ಕೊಬ್ಬರಿ ಮನೆಯಲ್ಲಿ ಕಳೆದ ಹೆಂಗಸು, ಬೂಷ್ಟು ಕಂಡೂ ಕೈಕಟ್ಟಿ ಕೂರುವುದುಂಟೇ!

ಶಾಲೆಯಿಂದ ಬಂದ ಸೊಸೆ ಲಿಖಿತಾ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಅತ್ತೆ, ಒರೆಸಿಬಿಟ್ರಾ?"

"ಬೂಷ್ಟು ಹಿಡ್ದಿತ್ತು ಕಣವ್ವ. ಒಂದೂ ಬುಡ್ದಂಗೆ ಒರೆಸಿವ್ನಿ."

ಸೊಸೆ ಶಾಲೆಯಲ್ಲಿ ಡ್ರಾಯಿಂಗ್ ಮಿಸ್. ಸಾವಿರಾರು ವರ್ಷದ ಹಿಂದೆ ಈಜಿಪ್ಟಿನವರು ಅರಮನೆಯ ಗೋಡೆಗೆ ಕೂರಿಸುತ್ತಿದ್ದ ನೀಲಿ ಬಿಲ್ಲೆಗಳ ಹುಚ್ಚು ಅವಳಿಗೆ. ಬೆಣಚುಕಲ್ಲಿನ ಪುಡಿ, ತೆಂಗಿನ ಮಟ್ಟೆಯ ಬೂದಿ, ಸೋಡಾ, ತಾಮ್ರದ ಪುಡಿ ಕಲಸಿ ತಿಂಗಳುಗಟ್ಟಲೆ ಒದ್ದಾಡಿದ್ದಳು. ಹೊಸ ಮನೆಯ ಬಾಗಿಲ ಮೇಲೆ ತನ್ನ ಕೈಯ ಹೂವೇ ಇರಬೇಕೆಂಬ ಆಸೆ. ಗಂಡ ದಯಾನಂದ್, "ಹೊಳಪು ಬಂದ್ರೆ ಸರಿ, ಇಲ್ದಿದ್ರೆ ಗ್ರಾನೈಟೇ ಕಣೇ" ಎಂದು ಕಲ್ಲನ್ನೂ ತರಿಸಿಟ್ಟಿದ್ದ. ನಾಡಿದ್ದೇ ಗೃಹಪ್ರವೇಶ.

"ಅದು ಬೂಷ್ಟಲ್ಲ ಅತ್ತೆ. ಒಳಗಿನ ಉಪ್ಪು ಮೇಲಕ್ಕೆ ಬಂದಿದ್ದು. ಗೂಡಲ್ಲಿ ಸುಟ್ಟಾಗ ಕರಗಿ ಅದೇ ಹೊಳಪಾಗೋದು," ಎಂದಳು ಲಿಖಿತಾ.

ರೇಗಲಿಲ್ಲ. ರೇಗಿದ್ದರೇ ಚೆನ್ನಾಗಿತ್ತು. ದ್ರಾಕ್ಷಾಯಣಮ್ಮ ಕೈಯಲ್ಲಿದ್ದ ಪಂಚೆಯ ತುಂಡನ್ನು ಬೆನ್ನ ಹಿಂದೆ ಸರಿಸಿದರು.

ಬೇರೆ ಮಾಡಲು ಪುರುಸೊತ್ತೆಲ್ಲಿ? ಲಿಖಿತಾ ಅವನ್ನೇ ಸುಟ್ಟಳು. ಮರುದಿನ ಗೂಡು ತೆಗೆದರೆ, ಹೂವುಗಳು ಸುಣ್ಣ ಮಾಸಿದ ಗೋಡೆಯ ಹಾಗೆ ಮಂಕು. ಒರೆಸಿದ ಬಟ್ಟೆ ಇಳಿಯದ ಗೀರುಗಳಲ್ಲಿ ಮಾತ್ರ ಎಳೆಯಷ್ಟು ನೀಲಿ ಮಿನುಗುತ್ತಿತ್ತು. ಲಿಖಿತಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡು, "ಗ್ರಾನೈಟೇ ಹಾಕ್ಸಿಬಿಡಿ" ಎಂದಳು ಗಂಡನಿಗೆ. ಗಾರೆಯವನು ಕಲ್ಲಿಗೆ ಕೈಹಾಕಿದ.

"ಏಯ್, ಇಳ್ಸಪ್ಪ ಅದ್ನ! ಹೂವ ಕೂರ್ಸು."

ಎಲ್ಲರೂ ತಿರುಗಿ ನೋಡಿದರು. ಮನೆ ಕಟ್ಟುವಾಗ ಅಡುಗೆಮನೆ ಯಾವ ಕಡೆ ಇರಲಿ ಎಂದು ಕೇಳಿದರೂ "ನಿಮ್ಮಿಷ್ಟ" ಎಂದಿದ್ದ ದ್ರಾಕ್ಷಾಯಣಮ್ಮ!

"ಅಮ್ಮ, ಹೊಳಪೇ ಇಲ್ವಲ್ಲ. ಬಂದೋರು ಏನಂತಾರೆ?" ಎಂದ ದಯಾನಂದ್.

"ಹೊಳಪು ಒರೆಸ್ದೋಳು ನಾನು. ಬಂದೋರ್ಗೂ ನಾನೇ ಹೇಳ್ಕತೀನಿ, ನೀನು ಸುಮ್ಕಿರ್ಲಾ."

ಗೃಹಪ್ರವೇಶದ ದಿನ ಅವರು ಒಳಗೆ ಕೂರಲೇ ಇಲ್ಲ. ರೇಷ್ಮೆ ಸೀರೆಯುಟ್ಟು ಬಾಗಿಲಲ್ಲೇ ನಿಂತರು. ಬಂದವರು ತಲೆ ಎತ್ತುವ ಮೊದಲೇ ಕೈ ಮೇಲೆ ಮಾಡಿ, "ನನ್ ಸೊಸೆ ಮಾಡಿದ್ದು ಕಣ್ರೀ. ಕೆಡ್ಸಿದ್ದು ನಾನು" ಎನ್ನುತ್ತಿದ್ದರು. ಹೇಳಿ ಹೇಳಿ ಗಂಟಲು ಕಟ್ಟಿತ್ತು.

ಪಾಯಸ ಬಡಿಸುತ್ತಿದ್ದ ಲಿಖಿತಾ ಯಾವಾಗ ಪಕ್ಕಕ್ಕೆ ಬಂದು ನಿಂತಳೋ. ತುರುವೇಕೆರೆಯ ನೆಂಟರು ಮೆಟ್ಟಿಲು ಹತ್ತುತ್ತಿದ್ದರು. ಅತ್ತೆ ಬಾಯಿ ತೆರೆಯುವ ಮುಂಚೆಯೇ ಅವಳು ಹೇಳಿದಳು:

"ಇಬ್ರೂ ಸೇರಿ ಮಾಡಿದ್ದು ಕಣ್ರೀ."

ದ್ರಾಕ್ಷಾಯಣಮ್ಮ ಮೇಲೆತ್ತಿದ್ದ ಕೈ ಹಾಗೇ ನಿಂತಿತು.