ಅಭಿನವನ ಜಾಕೆಟ್ಟು

ಮೋಟಾರ್ ರಿವೈಂಡಿಂಗ್ ಅಂಗಡಿಗೆ ಬೀಗ ಜಡಿದು ಸಿದ್ದರಾಜು ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಬಂದ. ಗೋಡೆಯ ಮೊಳೆಯಲ್ಲಿ ಜಾಕೆಟ್ಟು ಇರಲಿಲ್ಲ.

ಅದು ಅಂತಿಂಥ ಜಾಕೆಟ್ಟಲ್ಲ. ಒಂಬತ್ತು ವರ್ಷದ ಹಿಂದೆ ರಾಕ್ ಹಾಡುಗಾರ ಅಭಿನವ್ ಮಂಡ್ಯದ ಮೈದಾನದಲ್ಲಿ ಎರಡು ತಾಸು ಕುಣಿದು ಹಾಡಿ, ಬೆವರಲ್ಲಿ ತೊಯ್ದಿದ್ದನ್ನು ಬಿಚ್ಚಿ ಜನರತ್ತ ಎಸೆದಿದ್ದ. ನೂರಾರು ಕೈ ಕಿತ್ತಾಡಿದರೂ ದಕ್ಕಿದ್ದು ಸಿದ್ದರಾಜನಿಗೆ. ಅದಕ್ಕೆ ಒಂದು ಹನಿ ನೀರು ಸೋಕಿಸಿರಲಿಲ್ಲ ಮಹಾರಾಯ. ಹತ್ತು ದಿನದ ಹಿಂದೆ ಅಭಿನವ್ ತೀರಿಕೊಂಡ ಸುದ್ದಿ ಬಂದಾಗಿನಿಂದ ಇವನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ನಿನ್ನೆ ಮಂಡ್ಯದಿಂದ ಫೋನು ಬಂದಿತ್ತು.

"ನಾನು ಅಭಿನವನ ಅಮ್ಮ, ಆಂಡಾಳ್. ನೀವು ಫೇಸ್‌ಬುಕ್ಕಿನಲ್ಲಿ ಹಾಕಿದ ಜಾಕೆಟ್ಟಿನ ಫೋಟೊ ನೋಡಿದೆ. ಅವನು ಮನೆ ಬಿಟ್ಟ ದಿನವೇ ನಮ್ಮನೆಯವರು ಅವನ ಬಟ್ಟೆಯೆಲ್ಲ ಸುಟ್ಟುಬಿಟ್ಟರು. ನನ್ನ ಹತ್ತಿರ ಒಂದು ಕರ್ಚೀಫೂ ಇಲ್ಲ. ಒಂದೇ ಒಂದು ಸಲ ಅದನ್ನ ಮೂಸಿ ನೋಡಬೇಕಪ್ಪ."

ಇವತ್ತು ಮಧ್ಯಾಹ್ನದ ಬಸ್ಸಿಗೆ ಆಕೆ ಮದ್ದೂರಿಗೆ ಬರುವವರಿದ್ದರು.

"ಅವ್ವ, ಜಾಕೆಟ್ ಎಲ್ಲವ್ವ?"

ಪಟ್ಟಲಮ್ಮ ಒಲೆ ಮುಂದಿನಿಂದ ಏಳಲಿಲ್ಲ. "ಒಳೆಗೆ ಬುಟ್ಟೆ ಕಣ್ಲಾ. ಇವತ್ತಿಗೆ ಅನ್ನೊಂದ್ನೇ ದಿನ. ಸತ್ತೋರ ಬಟ್ಟೆ ಮನೇಲಿರಬಾರ್ದು. ಎಡೆನೂ ಇಟ್ಟು ಬಂದಿವ್ನಿ. ಇನ್ನಾದ್ರೂ ಆ ಮಗ ನಿನ್ನ ಬುಟ್ಟು ಓಗ್ಲಿ, ಒಂದು ತುತ್ತು ಉಣ್ಣು."

ಅವಳ ತಪ್ಪೇನು? ಆಂಡಾಳಮ್ಮ ಬರುವ ಸಂಗತಿಯನ್ನು ಇವನು ಬಾಯಿ ಬಿಟ್ಟು ಹೇಳಿದ್ದರೆ ತಾನೆ? ಜಗತ್ತಿಗೆಲ್ಲ ಫೇಸ್‌ಬುಕ್ಕಿನಲ್ಲಿ ಡಂಗುರ ಹೊಡೆದ ಪೆದ್ದ ಹೆತ್ತವಳಿಗೆ ಒಂದು ಮಾತು ಹೇಳಿರಲಿಲ್ಲ.

ಓಡಿದ. ಶಿಂಷಾ ಹೊಳೆಗೆ ಇಳಿದು, ಸೊಂಟದ ಮಟ್ಟದ ನೀರಿನಲ್ಲಿ ಜೊಂಡನ್ನೆಲ್ಲ ತಡಕಿದ. ಕಾಲಿಗೆ ಗಾಜು ಚುಚ್ಚಿದ್ದೂ ತಿಳಿಯಲಿಲ್ಲ. "ಮಾದಪ್ಪ, ಸಿಕ್ಕುಸ್ಬುಡು, ಮುಡಿ ಕೊಡ್ತೀನಿ" ಅಂತ ಮಗುವಿನಂತೆ ಅತ್ತ. ಅರ್ಧ ಮೈಲಿ ಕೆಳಗೆ ಒಂದು ಬೇರಿಗೆ ಜಾಕೆಟ್ಟು ಸಿಕ್ಕಿಕೊಂಡಿತ್ತು. ಎಳೆದು ಎದೆಗವಚಿಕೊಂಡ, ಮೂಗಿಗೆ ಹಿಡಿದ. ಬರೀ ಪಾಚಿ, ಬರೀ ಕೆಸರು. ಅಷ್ಟರಲ್ಲಿ ಅಂಗಿ ಜೇಬಿನ ಫೋನು ಬಡಿದುಕೊಂಡಿತು; ಆಂಡಾಳಮ್ಮ ಬಸ್ಸಿಳಿದಿದ್ದರು. ದಡದ ಮೇಲೆ ಬಿಟ್ಟಿದ್ದ ಚಪ್ಪಲಿಯೂ ನೆನಪಾಗದೆ ಬಸ್‌ಸ್ಟ್ಯಾಂಡಿಗೆ ಹೋದ.

ಆಂಡಾಳಮ್ಮ ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದರು. ಸಿದ್ದರಾಜು ಒಂದೂ ಮುಚ್ಚಿಡದೆ ಹೇಳಿದ. ಆಕೆ ನೀರು ಸುರಿಯುತ್ತಿದ್ದ ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡು ಅದರಲ್ಲಿ ಮುಖ ಹುದುಗಿಸಿದರು. ಎಷ್ಟು ಹೊತ್ತು ಕಳೆದರೂ ತಲೆ ಎತ್ತಲಿಲ್ಲ. ಬಸ್ಸಿಗೆ ಕಾದಿದ್ದವರು ತಿರುಗಿ ನೋಡತೊಡಗಿದರು.

"ಹೊಳೆ ವಾಸನೆ," ಅಂದರು ಕೊನೆಗೆ. "ನಿಮ್ಮ ತಾಯಿಯನ್ನ ಬೈಯಬೇಡಿ. ಅವರು ಮಗನಿಗೋಸ್ಕರ ಮಾಡಿದರು." ಆಮೇಲೆ ಅವನ ಮೊಣಕೈ ಹಿಡಿದುಕೊಂಡರು. "ಒಂಬತ್ತು ವರ್ಷ ನಿಮ್ಮ ಹತ್ತಿರ ಇತ್ತಲ್ಲ. ಹೇಗಿತ್ತು ವಾಸನೆ? ಬಾಯಲ್ಲಿ ಹೇಳಿದರೂ ಸಾಕು."

ಸಿದ್ದರಾಜು ಬಾಯಿ ತೆರೆದ. ಯಾವ ಹಾಡಿನ ಯಾವ ಸಾಲಿನಲ್ಲಿ ಅಭಿನವ್ ಉಸಿರು ಎಳೆದುಕೊಳ್ಳುತ್ತಿದ್ದ ಅನ್ನುವುದೂ ಅವನಿಗೆ ಗೊತ್ತಿತ್ತು. ಆದರೆ ಜಾಕೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೊಳೆಗೆ ತೂಗುಹಾಕಿ, ದೇವರ ಪಟಕ್ಕೆ ಮುಗಿದಂತೆ ದೂರದಿಂದ ಕೈಮುಗಿದ ಭಕ್ತ, ಇವತ್ತಿನವರೆಗೆ ಒಂದು ದಿನವೂ ಅದನ್ನು ಮೂಸಿರಲಿಲ್ಲ.

"ಗೊತ್ತಿಲ್ಲ ಕಣಮ್ಮ," ಅಂದ.

ಆಂಡಾಳಮ್ಮ ಅವನ ಕೈ ಬಿಟ್ಟು, ಮತ್ತೆ ಆ ಒದ್ದೆ ಬಟ್ಟೆಗೆ ಮುಖವಿಟ್ಟರು.