ನೋಡುವ ಗುತ್ತಿಗೆ

ಬೇಸಿಗೆ ಕಾಲಿಟ್ಟು ಸ್ವಲ್ಪ ದಿನವಾಗಿತ್ತು. ಹೊತ್ತಿನ್ನೂ ಮೂಡಿರಲಿಲ್ಲ, ಕಸದ ಲಾರಿಗಳ ಅಂಗಳದಲ್ಲಿ ಬೈಗುಳ ಮಾತ್ರ ಆಗಲೇ ಎದ್ದು ಕೂತಿತ್ತು.

"ದೂರ ನಿಲ್ಲೇ ಲೌಡಿ. ಮೈಮೇಲೆ ಬಂದು ಕೆಮ್ತೀಯಲ್ಲ, ನಿಮ್ಮಪ್ಪ ಹೊಲಿಸಿದ ಅಂಗೀನಾ ಇದು?"

ಬೈದವನು ತಿಂಗಳ ತಪಾಸಣೆಗೆಂದು ಅಲ್ಲಿಗೆ ಬಂದಿದ್ದ ದವಾಖಾನೆಯ ಗುತ್ತಿಗೆದಾರ. ಮೈಮೇಲೆ ಬಾಟಲಿಗಟ್ಟಲೆ ಸೆಂಟು ಸುರಿದುಕೊಳ್ಳುತ್ತಿದ್ದುದರಿಂದ ಕಸದವರು ಅವನಿಗೆ ಇಟ್ಟ ಹೆಸರು ಸೆಂಟಪ್ಪ. ಬೈಸಿಕೊಂಡವಳು ತಂಗಿ. ಅವಳ ಹಿಂದೆ ನಿಂತಿದ್ದವಳು ಅಕ್ಕ. ಇಬ್ಬರೂ ಒಂದೇ ಲಾರಿಗೆ ಕಸ ಎತ್ತುವವರು. ಅವ್ವ ಸತ್ತ ಮೇಲೆ ಅಕ್ಕನೇ ಅವಳನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದಳು.

ಮೊದಲು ಆ ದವಾಖಾನೆ ನಗರದ್ದೇ ಆಗಿತ್ತು. ಒಬ್ಬಳು ನರ್ಸಮ್ಮ ಇದ್ದಳು, ಬೈಯುತ್ತ ಬೈಯುತ್ತಲೇ ಮಾತ್ರೆ ಕೊಡುತ್ತಿದ್ದಳು. ಆಮೇಲೆ ಆರೋಗ್ಯ ಇಲಾಖೆ ಅದನ್ನು ಸೆಂಟಪ್ಪನಿಗೆ ವಹಿಸಿ ಕೈ ತೊಳೆದುಕೊಂಡಿತು. ನರ್ಸಮ್ಮ ಮನೆಗೆ ಹೋದಳು. ಮೇಲಿನ ಮಹಡಿಯಲ್ಲಿ ದುಡ್ಡು ಕಟ್ಟುವ ರೋಗಿಗಳಿಗೆ ತಣ್ಣನೆ ಗಾಳಿಯ ಕೋಣೆಗಳಾದವು. ಕಸದವರಿಗೆ ಉಳಿದದ್ದು ತಿಂಗಳಿಗೊಂದು ತಪಾಸಣೆ. ತಲೆಗಿಷ್ಟು ಅಂತ ಇಲಾಖೆಯೂ ಕೊಡುತ್ತಿತ್ತು, ಕಸದವರ ಸಂಬಳದಲ್ಲೂ ಮುರಿದುಕೊಳ್ಳುತ್ತಿದ್ದರು. ಉಗುರಿನ ಮೇಲೆ ನೇರಳೆ ಮಸಿ ಬಿದ್ದವರು ಮಾತ್ರ ಆ ತಿಂಗಳು ಕಸ ಮುಟ್ಟಬಹುದು.

ತಪಾಸಣೆ ಅಂದರೆ ಇಷ್ಟೇ. ಎಳೆ ಡಾಕ್ಟರೊಬ್ಬ ಕುರ್ಚಿ ಬಿಟ್ಟೇಳದೆ ಎದೆ ನೋಡುವ ಕೊಳವೆಯನ್ನು ಕಸದವರ ದಪ್ಪ ಕೋಟಿನ ಮೇಲೇ ತಾಗಿಸಿ, "ಬಾಯಿ ತೆಗಿ. ಉಸಿರು ಎಳ್ಕೋ. ಮುಂದೆ" ಅನ್ನುತ್ತಿದ್ದ. ಕೊಳವೆಯ ಇನ್ನೊಂದು ತುದಿ ಕಿವಿಗೆ ಏರುತ್ತಲೇ ಇರಲಿಲ್ಲ, ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

"ಸ್ವಾಮಿ, ಇವಳು ಕೆಮ್ಮಿದ್ರೆ ರಕ್ತ ಬರ್ತದೆ," ಅಂದಳು ಅಕ್ಕ.

"ನೋಡಿದೆನಲ್ಲ," ಅಂದ ಡಾಕ್ಟರು.

"ನೋಡಿದ್ರಿ. ಔಷಧಿ?"

"ನಮ್ಮದು ನೋಡೋ ಗುತ್ತಿಗೆ ಕಣಮ್ಮ. ವಾಸಿ ಮಾಡೋದು ಬೇರೆ ಗುತ್ತಿಗೆ. ಅದಿನ್ನೂ ಆಗಿಲ್ಲ."

ತಂಗಿಯ ಉಗುರಿಗೂ ಮಸಿ ಬಿತ್ತು.

ಅಕ್ಕ ಆರೋಗ್ಯಾಧಿಕಾರಿಯ ಕಚೇರಿಗೆ ಹೋದಳು. ಜವಾನ ಅವಳನ್ನು ಬಾಗಿಲ ಹೊರಗೆ, ಕೊಡೆಗಳನ್ನು ಒರಗಿಸುವ ಮೂಲೆಯಲ್ಲಿ ನಿಲ್ಲಿಸಿದ. ಸಾಹೇಬರು ಕರವಸ್ತ್ರದೊಳಗಿಂದಲೇ ಮಾತಾಡಿದರು.

"ವಾಸಿ ಮಾಡೋದಕ್ಕೆ ಟೆಂಡರ್ ಕರೆದಿದ್ದೀವಿ, ಯಾರೂ ಬಂದಿಲ್ಲ. ಮೇಲಿನ ಮಹಡಿಗೆ ಹೋಗಿ ದುಡ್ಡು ಕಟ್ಟು. ಅದೇ ಡಾಕ್ಟರು ಕಿವಿಗೆ ಹಾಕ್ಕೊಂಡು ನೋಡ್ತಾರೆ."

"ದುಡ್ಡಿದ್ದಿದ್ರೆ ನಿಮ್ಮ ಕರವಸ್ತ್ರಕ್ಕೆ ಯಾಕೆ ತೊಂದ್ರೆ ಕೊಡ್ತಿದ್ದೆ ಸ್ವಾಮಿ?"

"ನಾಲಿಗೆ ಉದ್ದ ಆಯ್ತು ನಿಂದು. ರಕ್ತ ಅಂತ ಬರೆದ್ರೆ ನಿನ್ನ ತಂಗಿ ಕೆಲಸ ಹೋಗುತ್ತೆ, ತಿಳೀತಾ? ಪಾಪ ಅಂತ ಮಸಿ ಹಾಕಿಸಿದ್ದೀವಿ. ನಡಿ, ನಾರ್ತಾ ಇದೆ."

ಆ ವಾರದ ಕೊನೆಗೆ ತಂಗಿ ಚೀಲ ಎತ್ತಲು ಬಗ್ಗಿದವಳು ಅದರ ಮೇಲೇ ಕುಸಿದು ಕೂತಳು. ಬಾಯಿಗೊತ್ತಿದ ಬಟ್ಟೆ ಕೆಂಪಾಗಿತ್ತು. "ಯಾರಿಗೂ ಹೇಳ್ಬೇಡಕ್ಕ, ಕೆಲಸ ಹೋಗುತ್ತೆ," ಅಂದಳು.

ಅಕ್ಕ ಅಳಲಿಲ್ಲ. ಲಾರಿ ಓಡಿಸುವ ಕುಳ್ಳನನ್ನು ಕರೆದಳು.

"ಕುಳ್ಳಣ್ಣ, ನಮ್ಮದು ಯಾವ ಗುತ್ತಿಗೆಯೋ?"

"ಕಸ ಎತ್ತೋದು. ಇನ್ನೇನು, ಹೆಣ್ಣು ಗಂಡು ಜೋಡಿಸೋದಾ?"

"ಸೋಮವಾರದಿಂದ ದವಾಖಾನೆ ಮುಂದೆ ಎತ್ತೋದು ಬೇಡ. ಬರೀ ನೋಡೋಣ."

ಅದು ಅವನ ತಲೆಗಿಳಿಯಲು ಒಂದು ಲೋಟ ಟೀ ಹಿಡಿಯಿತು. ಇಳಿದ ಮೇಲೆ ಕುಡಿದ ಟೀ ಅರ್ಧ ಮೂಗಿನಿಂದ ಬಂತು.

ಸೋಮವಾರ ಬೆಳಗಾದಾಗ ದವಾಖಾನೆಯ ಮುಂದೆ ಕಸದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅಕ್ಕ ಒಂದು ಬುಟ್ಟಿ ಮಗುಚಿ ಅದರ ಮೇಲೆ ಕೂತಳು, ಪಕ್ಕದಲ್ಲಿ ತಂಗಿಯನ್ನೂ ಕೂರಿಸಿಕೊಂಡಳು. ಕುಳ್ಳ ಡೀಸೆಲ್ ಎಳೆಯುವ ರಬ್ಬರ್ ಕೊಳವೆಯನ್ನು ಕುತ್ತಿಗೆಗೆ ಹಾಕಿಕೊಂಡು ಮೊದಲ ಡಬ್ಬಿಗೆ ತಾಗಿಸಿದ.

"ಬಾಯಿ ತೆಗಿ," ಅಂತ ಮುಚ್ಚಳ ಎತ್ತಿದ. "ಉಸಿರು ಎಳ್ಕೋ. ಅಯ್ಯೋ, ಬಿಡಬೇಡ ಮಾರಾಯ್ತಿ."

"ಹೇಗಿದ್ದಾಳೆ ಡಾಕ್ಟ್ರೇ?"

"ದಿನ ತುಂಬಿದೆ ಕಣಮ್ಮ. ಇವತ್ತೋ ನಾಳೆಯೋ."

ಅಕ್ಕ ಮುಚ್ಚಳದ ಮೇಲೆ ಇದ್ದಿಲಿನ ಗೆರೆ ಎಳೆದಳು. "ಮುಂದೆ."

ಸೆಂಟಪ್ಪ ಮೆಟ್ಟಿಲಿಳಿದು ಓಡಿಬಂದ. "ಏನ್ರೋ ಬೋಳಿಮಕ್ಕಳಾ, ನಾಟಕ ಆಡ್ತೀರಾ? ಎತ್ರೋ."

"ನೋಡಾಯ್ತು ಸ್ವಾಮಿ," ಅಂದಳು ಅಕ್ಕ. "ಎತ್ತೋದು ಬೇರೆ ಗುತ್ತಿಗೆ. ಟೆಂಡರ್ ಕರೆದಿದ್ದೀವಿ, ಯಾರೂ ಬಂದಿಲ್ಲ."

"ಎಲ್ಲರನ್ನೂ ಕೆಲಸದಿಂದ ತೆಗೆಸ್ತೀನಿ."

"ತೆಗೆಸಿ. ಮೊದಲು ತಲೆಗಿಷ್ಟು ಅಂತ ನೋಡಿದ ಕೂಲಿ ಬಿಸಾಕಿ," ಅಂದ ಕುಳ್ಳ. "ನಾನು ಮುಚ್ಚಳ ತೆಗೆದಾದ್ರೂ ನೋಡಿದ್ದೀನಿ."

ಬಿಸಿಲು ತನ್ನ ಪಾಲಿನ ಕೆಲಸ ಮಾಡಿತು. ಮಂಗಳವಾರ ನೊಣಗಳು ಬಂದವು, ಎಳೆ ಡಾಕ್ಟರು ಕಾಲಿಗೆ ಬುದ್ಧಿ ಹೇಳಿದ. ಬುಧವಾರ ತಣ್ಣನೆ ಗಾಳಿಯ ಯಂತ್ರ ಬೀದಿಯ ನಾತವನ್ನೆಲ್ಲ ಎಳೆದು, ತಂಪು ಮಾಡಿ, ಮೇಲಿನ ಮಹಡಿಯಲ್ಲಿ ಕೋಣೆ ಕೋಣೆಗೂ ಹಂಚಿತು. ದುಡ್ಡು ಕಟ್ಟಿದವರು ಕಟ್ಟಿದ್ದನ್ನು ವಾಪಸು ಕೇಳುತ್ತ ಇಳಿದುಹೋದರು. ಸೆಂಟಪ್ಪನ ಸೆಂಟು ಯಾರ ಮೂಗಿಗೂ ಮುಟ್ಟಲಿಲ್ಲ.

ಗುರುವಾರ ಸಾಹೇಬರು ಒಂದು ವ್ಯಾನಿನ ತುಂಬ ಹೊಸ ಆಳುಗಳನ್ನು ತುಂಬಿಕೊಂಡು ಬಂದರು. ಅಕ್ಕ ಕೂತಲ್ಲಿಂದಲೇ ಕೇಳಿದಳು.

"ಅಣ್ಣಂದಿರಾ, ಉಗುರು ತೋರಿಸಿ."

ಯಾರ ಉಗುರಿನಲ್ಲೂ ಮಸಿಯಿರಲಿಲ್ಲ.

"ಮಸಿ ಇಲ್ಲದವರು ಕಸ ಮುಟ್ಟೋ ಹಾಗಿಲ್ಲ. ನಿಮ್ಮದೇ ಹುಕುಂ ಸ್ವಾಮಿ."

"ಎಲ್ಲಿ ಡಾಕ್ಟರು? ಕರೀರಿ," ಅಂದರು ಸಾಹೇಬರು. "ಮಂಗಳವಾರವೇ ಓಡಿಹೋದ ಸ್ವಾಮಿ," ಅಂದ ಸೆಂಟಪ್ಪ. ಹೊಸ ಆಳುಗಳಿಗೂ ಮೂಗಿತ್ತಲ್ಲ. "ತಪಾಸಣೆ ಆಗ್ಲಿ ಬುದ್ಧೀ, ಆಮೇಲೆ ಇಳೀತೀವಿ," ಅಂದು ವ್ಯಾನಿನ ಬಾಗಿಲು ಎಳೆದುಕೊಂಡರು.

"ಏನೇ ಬೇಕು ನಿನಗೆ?" ಸಾಹೇಬರ ಕರವಸ್ತ್ರ ಮೊದಲ ಸಲ ಕೆಳಗಿಳಿಯಿತು, ಕೂಡಲೇ ಮೇಲೇರಿತು.

"ಇವಳು ದೊಡ್ಡ ಆಸ್ಪತ್ರೆಗೆ ಹೋಗ್ಬೇಕು. ಚೀಟಿಗೀಟಿ ಬೇಡ, ನೀವೇ ಕರ್ಕೊಂಡು ಹೋಗಿ ಹಾಸಿಗೆ ಕೊಡಿಸಿ. ಅವಳ ಕೆಲಸ ಅವಳಿಗೇ ಇರ್ಬೇಕು."

"ನಿನ್ನ ತಂಗಿಗೆ ನಾನು ಡ್ರೈವರಾ?"

"ಹಾಗಾದ್ರೆ ಕೂತ್ಕೊಳ್ಳಿ. ನೋಡ್ತಾ ಇರೋಣ."

ಸಾಹೇಬರು ಬೈದು ಹೊರಟುಹೋದರು. ಮಾರನೆಯ ದಿನ ಬಂದಾಗ ವ್ಯಾನಿರಲಿಲ್ಲ, ಅವರ ಸ್ವಂತ ಕಾರಿತ್ತು. ಹಿಂದಿನ ಬಾಗಿಲು ತೆಗೆದರು. ತಂಗಿ ಅದನ್ನು ಬಿಟ್ಟು, ಮುಂದಿನದನ್ನು ತಾನೇ ತೆಗೆದು, ಸಾಹೇಬರ ಪಕ್ಕದಲ್ಲೇ ಕೂತಳು. ಕೂತು, ಇಷ್ಟು ದಿನ ಅದುಮಿಟ್ಟುಕೊಂಡಿದ್ದ ಕೆಮ್ಮನ್ನೆಲ್ಲ ಕೆಮ್ಮಿದಳು. ಸಾಹೇಬರು ಗಾಜಿಳಿಸಿ ತಲೆ ಹೊರಗೆ ಹಾಕಿದರು. ಹೊರಗೆ ಡಬ್ಬಿಗಳಿದ್ದವು. ತಲೆಯನ್ನು ಮತ್ತೆ ಒಳಗೆ ಎಳೆದುಕೊಂಡರು.

"ಇನ್ನಾದರೂ ಎತ್ತಿಸು," ಅಂದರು.

ಅಕ್ಕ ತಂಗಿಯ ಹಣೆಯನ್ನು ಕಿಟಕಿಯಿಂದಲೇ ಮುಟ್ಟಿದಳು. ಆಮೇಲೆ ತಿರುಗಿ, "ಅರ್ಧ ಎತ್ರೋ," ಅಂದಳು. "ಉಳಿದರ್ಧ ಇವಳು ತನ್ನ ಕಾಲ ಮೇಲೆ ನಡ್ಕೊಂಡು ಬಂದ ದಿನ."

ತಂಗಿಯನ್ನು ಕೂರಿಸಿಕೊಂಡು ಕಾರು ಹೊರಟದ್ದು ಶುಕ್ರವಾರ. ಉಳಿದರ್ಧ ಕಸದ ಪಕ್ಕದಲ್ಲಿ ಅಕ್ಕ ಬುಟ್ಟಿಯ ಮೇಲೆ ಕೂತೇ ಇದ್ದಳು.